ದೊಡ್ಡ ಹಾರದ ಯಂತ್ರ

ಆಸ್ಪತ್ರೆಯ ರಕ್ತ ಪರೀಕ್ಷಿಸುವ ಹೊಸ ಯಂತ್ರದ ಕಂಪ್ಯೂಟರು ಲ್ಯಾಬ್ ಟೆಕ್ನಿಷಿಯನ್ ವನಜಾಕ್ಷಿಯ ಕಣ್ಣೆದುರೇ ನಿಂತುಹೋಯಿತು. ಕಪ್ಪು ಪರದೆಯ ತುಂಬ ಬಿಳಿ ಅಕ್ಷರಗಳು. ಯಾವ ಗುಂಡಿ ಒತ್ತಿದರೂ ಮಿಸುಕಾಡಲಿಲ್ಲ. ಅದರೊಳಗೆ ಇದ್ದದ್ದು ಅವಳ ಅಮ್ಮನದೇ ರಕ್ತ. ಅಮ್ಮ ಮೇಲಿನ ಮಹಡಿಯ ಆಪರೇಷನ್ ಥಿಯೇಟರಿನಲ್ಲಿದ್ದಳು.

ಅವಳು ಉಳಿದ ರಕ್ತವನ್ನು ಪಕ್ಕದ ಹಳೆಯ ಯಂತ್ರಕ್ಕೆ ಹಾಕಿದಳು. ಅದು ಎರಡು ವರ್ಷದಿಂದ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಆಯುಧಪೂಜೆಯ ದಿನ ದೊಡ್ಡ ಹಾರ ಅದಕ್ಕೇ ಬೀಳುತ್ತಿತ್ತು. ಐದು ನಿಮಿಷದಲ್ಲಿ ಅದು ರಕ್ತದ ಗುಂಪು ಹೇಳಿತು. ಆ ಗುಂಪಿನ ಎರಡು ಬಾಟಲಿ ರಕ್ತ ಮೇಲಕ್ಕೆ ಹೋಯಿತು.

ರಿಪೇರಿಯವನು ಬಂದು ಹೊಸ ಯಂತ್ರ ಬಿಚ್ಚುತ್ತಿದ್ದಂತೆ ಅವಳು ಕೇಳಿದಳು.

“ನಾನೇನಾದ್ರೂ ಹಾಳು ಮಾಡಿದ್ನಾ?”

“ಇಲ್ಲ ಮೇಡಂ, ಹೆದರ್ಬೇಡಿ. ಇದರೊಳಗೆ ಕರ್ನಲ್ ಅಂತ ಒಂದು ಪ್ರೋಗ್ರಾಂ ಇರುತ್ತೆ, ಅದೇ ಇದರ ಯಜಮಾನ. ತನ್ನ ಮೆಮೊರಿನೇ ಕೆಟ್ಟಿದೆ ಅಂತ ಗೊತ್ತಾದ್ರೆ ಎಲ್ಲಾ ಕೆಲಸ ಅಲ್ಲಿಗೇ ನಿಲ್ಲಿಸಿಬಿಡುತ್ತೆ. ತಪ್ಪು ರಿಪೋರ್ಟ್ ಕೊಡೋದಕ್ಕಿಂತ ಸುಮ್ಮನಾಗೋದು ವಾಸಿ ಅಲ್ವಾ?”

ಅವಳಿಗೆ ಹೋದ ಜೀವ ಬಂದಂತಾಯಿತು. “ಸದ್ಯ, ಅಮ್ಮಂದು ಹಳೇದ್ರಲ್ಲಿ ಹಾಕ್ದೆ. ಅದು ಎರಡು ವರ್ಷದಿಂದ ಒಮ್ಮೆನೂ ಹೀಗೆ ನಿಂತಿಲ್ಲ.”

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಹಳೆಯ ಯಂತ್ರದ ಕಡೆ ನೋಡಿದ.

“ಮುಂಚೆ ಅದೂ ನಿಲ್ತಿತ್ತು ಮೇಡಂ. ದಿನಾ ನಿಲ್ಲುತ್ತೆ ಅಂತ ನೀವೇ ದೂರು ಬರೆದುಕೊಟ್ರಲ್ಲ, ಆಮೇಲೆ ತಪ್ಪು ಕಂಡ್ರೂ ನಿಲ್ಲದ ಹಾಗೆ ನಾನೇ ಮಾಡಿಟ್ಟೆ.”