ಕೈ ನಡುಕ

ವೇಗ ನಲವತ್ತು ದಾಟಿತೆಂದರೆ ಸಾಕು, ಕ್ವಾರಿಯ ಆ ಹಳೇ ಫೋರ್‌ವೀಲ್ ಪಿಕಪ್‌ನ ಸ್ಟೇರಿಂಗ್ ಚೌಡಯ್ಯನ ಕೈಯಲ್ಲಿ ಗಡಗಡ ನಡುಗುತ್ತಿತ್ತು. ಬಾಲ್ಯದ ಗೆಳೆಯ ಗ್ಯಾರೇಜ್ ಮೇಸ್ತ್ರಿ ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿ ನೋಡಿದ. ನಡುಕ ಹೋಗಲಿಲ್ಲ. ಜಾಕ್ ಕೊಟ್ಟು, ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದ. ಆಮೇಲೆ ಒಬ್ಬನೇ ಒಂದು ಸುತ್ತು ಓಡಿಸಿಕೊಂಡು ಬಂದ.

"ಗಾಡಿ ಗಟ್ಟಿಯಾಗೈತೆ ಕಣೋ ಚೌಡ. ನನ್ ಕೈಲಿ ಒಂಚೂರೂ ಅಲುಗ್ಲಿಲ್ಲ."

"ಮತ್ತೆ ನಂಗ್ಯಾಕಪ್ಪಾ ಹಿಂಗೆ?"

ಮೇಸ್ತ್ರಿ ಅವನ ಕೈಗಳನ್ನೇ ನೋಡಿದ. "ವಯಸ್ಸಾಯ್ತಲ್ಲ. ಆಳುಗಳನ್ನ ಕೂರಿಸ್ಕೊಂಡು ಓಡ್ಸೋ ಗಾಡಿ ಅದು. ನೀನೇ ಯೋಚ್ನೆ ಮಾಡು."

ಚೌಡಯ್ಯನಿಗೆ ಅನ್ನ ಸೇರಲಿಲ್ಲ. ಮರುದಿನ ಕ್ವಾರಿಯ ಧಣಿಯ ಮುಂದೆ ಗಾಡಿಯ ಕೀಲಿ ಇಟ್ಟ. ನಂಬಿಕಸ್ಥ ಡ್ರೈವರ್ ಯಾರಾದರೂ ಇದ್ದಾರೆಯೇ ಎಂದು ಧಣಿ ಕೇಳಿದಾಗ, ಕೆಲಸವಿಲ್ಲದೆ ಅಲೆಯುತ್ತಿದ್ದ ಮೇಸ್ತ್ರಿಯ ಮಗನ ಹೆಸರನ್ನು ತಾನೇ ಹೇಳಿದ.

ಗಾಡಿಯ ಸೀಟಿನ ಹಿಂದೆ ಬಿಟ್ಟಿದ್ದ ಟವೆಲ್ ತರಲು ಚೌಡಯ್ಯ ಗ್ಯಾರೇಜಿಗೆ ಹೋದಾಗ ಪಿಕಪ್ ಜಾಕಿನ ಮೇಲಿತ್ತು. ಹೆಜ್ಜೆ ಸದ್ದಿಗೆ ಗಾಡಿಯಡಿಯಿಂದಲೇ ಮೇಸ್ತ್ರಿ ಕೂಗಿದ:

"ಬಂದ್ಯಾ ಮಗಾ? ಮುಂದಿನ ಚಕ್ರದಾಗೆ ಅವತ್ತೇ ಕಂಡಿದ್ದ ಹಾಳು ಬೇರಿಂಗು, ಇವತ್ತು ತೆಗ್ದು ಬಿಸಾಕ್ದೆ. ನಿನ್ ಕೈ ನಡುಗಾಕಿಲ್ಲ, ಹೋಗು."