ಇಂಕು ಆರುವ ಮುಂಚೆ

ಪ್ರಿಂಟರು ಡಿಸ್ಕನ್ನು ಹೊರಗೆ ನೂಕಿದ್ದೇ ತಡ, ಕೆಳಗೆ ಗೇಟಿನ ಹತ್ತಿರ ಗಂಡನ ಸ್ಕೂಟರು ನಿಂತ ಸದ್ದಾಯಿತು. ಸಂಜೆಗೆ ಬರುತ್ತೇನೆಂದು ಹೋದವನು ಮಧ್ಯಾಹ್ನಕ್ಕೇ ಬಂದುಬಿಟ್ಟಿದ್ದ.

ಮದುವೆಗಳ ವಿಡಿಯೊ ತೆಗೆಯುವುದು ಗಂಡನ ಕಸುಬು. ಅದನ್ನು ಡಿಸ್ಕಿಗೆ ಹಾಕಿ, ಡಿಸ್ಕಿನ ಬಿಳಿ ಮೈಮೇಲೆ ವಧೂವರರ ಫೋಟೊ ಪ್ರಿಂಟ್ ಮಾಡುವುದು ಅವಳ ಪಾಲಿನ ಕೆಲಸ. ಊಟದ ಮೇಜೇ ಕಾರ್ಖಾನೆ. ಈಗಲೂ ಮೇಜಿನ ತುಂಬ ಹಾಸಿದ ಹಳೆ ಪೇಪರಿನ ಮೇಲೆ ಒಂದೇ ಜೋಡಿ ಸಾಲುಸಾಲಾಗಿ ಹಲ್ಲು ಕಿರಿಯುತ್ತಿತ್ತು. ಆದರೆ ಈ ಕೊನೆಯ ಡಿಸ್ಕಿನಲ್ಲಿ ಮದುವೆ ಇರಲಿಲ್ಲ, ಹೋದ ಭಾನುವಾರ ಇತ್ತು. ಚಾರ್ಜಿಗೆ ಹಾಕಿದಂತೆ ಕಪಾಟಿನ ಮೇಲಿಟ್ಟಿದ್ದ ಅವನದೇ ಕ್ಯಾಮೆರಾ, ಅದರ ಕೆಂಪು ದೀಪ ಕಾಣದಂತೆ ಅವಳು ಅಂಟಿಸಿದ್ದ ಪಟ್ಟಿ, ಅದರ ಮುಂದೆ ಅವನು, ಅವನ ಬೆಲ್ಟು, ಮೂಲೆಯಲ್ಲಿ ಮುದುಡಿ ಕೂತ ಅವಳು.

"ಬಾಯಿಮಾತು ಸಾಲಲ್ಲಮ್ಮ, ತೋರ್ಸೋಕೆ ಏನಾದ್ರೂ ಬೇಕು" ಎಂದಿದ್ದರು ವಕೀಲಮ್ಮ. ಕ್ಯಾಮೆರಾ, ಕಂಪ್ಯೂಟರು ಎರಡನ್ನೂ ಅವನು ತಡಕುತ್ತಾನೆಂದು ಎರಡರಿಂದಲೂ ಅಳಿಸಿಹಾಕಿದ್ದಳು. ಉಳಿದಿದ್ದು ಈ ಡಿಸ್ಕೊಂದೇ. ಚಿತ್ರವಿಲ್ಲದ ಡಿಸ್ಕು ಆ ಮನೆಯಲ್ಲಿ ಬೋಳುತಲೆಯ ಹಾಗೆ ಎದ್ದು ಕಾಣುತ್ತದೆ; ಕಂಡರೆ ಹಾಕಿ ನೋಡದೆ ಬಿಡುವ ಆಸಾಮಿಯಲ್ಲ ಅವನು. ಅದಕ್ಕೇ ಇದಕ್ಕೂ ಅದೇ ಜೋಡಿಯ ಮುಖ ಪ್ರಿಂಟ್ ಮಾಡಿದ್ದಳು. ಮಗಳನ್ನು ರಜೆಯ ನೆಪದಲ್ಲಿ ಮೊದಲೇ ಅಕ್ಕನ ಮನೆಗೆ ಕಳಿಸಿಯಾಗಿತ್ತು. ಅಕ್ಕ ಬೀದಿಯ ಕೊನೆಯಲ್ಲಿ, ಕಸದ ತೊಟ್ಟಿಯ ಪಕ್ಕ, ಕಾರಿನಲ್ಲಿ ಕಾಯುತ್ತಿದ್ದಳು. ಇನ್ನೊಂದಿಷ್ಟು ಹೊತ್ತು ಸಿಕ್ಕಿದ್ದರೆ ಸಾಕಿತ್ತು.

ಅಂಚು ಹಿಡಿದು ಡಿಸ್ಕನ್ನು ಮೇಜಿನ ಮೂಲೆಗಿಡುವಷ್ಟರಲ್ಲಿ ಬಾಗಿಲು ತೆರೆಯಿತು.

"ಮುಗೀತಾ?" ಅವನು ಮೆತ್ತಗೆ ಕೇಳಿದ. ಅವನು ಕೂಗಾಡಿದರೆ ಅವಳಿಗೆ ಅಷ್ಟು ಹೆದರಿಕೆಯಿಲ್ಲ. ಮೆತ್ತಗೆ ಮಾತಾಡಿದಾಗಲೇ ಕೈಕಾಲು ತಣ್ಣಗಾಗುವುದು.

"ಈಗ ಮುಗೀತು. ಬೇಗ ಬಂದ್ರಲ್ಲ."

"ಬರಬಾರದಿತ್ತಾ?"

"ಹಾಗಲ್ಲ ರೀ. ಊಟಕ್ಕೆ ಬರ್ತೀನಿ ಅಂದಿರ್ಲಿಲ್ವಲ್ಲ, ಅದಕ್ಕೆ."

"ಪಾರ್ಟಿಯವ್ರು ಇವತ್ತೇ ಬೇಕು ಅಂತ ಕೂತಿದಾರೆ. ಒಂದು ಹಾಕಿ ನೋಡಿ ತಗೊಂಡು ಹೋಗ್ತೀನಿ."

ಹಾಕಿ ನೋಡುವುದು ಅವನ ಪದ್ಧತಿ. ಯಾರ ಮದುವೆಯೇ ಆಗಲಿ, ಕೊಡುವ ಮುಂಚೆ ಕೈಗೆ ಸಿಕ್ಕ ಒಂದನ್ನು ಟೀವಿಗೆ ಹಾಕಿ ನೋಡಲೇಬೇಕು. ಟೀವಿಯ ಪರದೆ ನೀಲಿಯಾಯಿತು. ಪ್ಲೇಯರು ನಾಲಿಗೆ ಚಾಚಿ ಕಾಯತೊಡಗಿತು. ಅವನ ಕೈ ಮೇಜಿನ ಮೇಲೆ ಅತ್ತಿತ್ತ ಆಡುವುದನ್ನು ನೋಡಲಾರದೆ ಅವಳು ಬಾಯಿಬಿಟ್ಟಳು.

"ಈ ಕಡೆಯವು ಚೆನ್ನಾಗಿ ಬಂದಿವೆ ನೋಡಿ."

ಬಾಯಿಬಿಟ್ಟಿದ್ದೇ ತಪ್ಪಾಯಿತು. ಅವನು ಡಿಸ್ಕು ಬಿಟ್ಟು ಅವಳ ಮುಖ ನೋಡಿದ.

"ಯಾಕೆ, ಆ ಕಡೆಯವಕ್ಕೆ ಏನು ಬಂತು?"

ಎಂದವನೇ ಮೂಲೆಯ ಡಿಸ್ಕಿಗೇ ಕೈ ಹಾಕಿದ. ಅಂಚು ಹಿಡಿಯುವ ನಾಜೂಕು ಅವನಿಗೆಲ್ಲಿ ಬರಬೇಕು, ಮದುಮಗನ ಕಪ್ಪು ಕೋಟಿನ ಮೇಲೇ ಹೆಬ್ಬೆರಳೂರಿ ಎತ್ತಿದ. ಬಾಗಿಲ ಚಿಲಕ ಹಾಕಿದ್ದಾನೋ ಇಲ್ಲವೋ ಅವಳಿಗೆ ನೆನಪಾಗಲಿಲ್ಲ. ಕೂಗಿದರೆ ಪಕ್ಕದ ಮನೆಯವರು ಬರುವುದಿಲ್ಲವೆಂಬುದು ಭಾನುವಾರವೇ ಗೊತ್ತಾಗಿತ್ತು. ಡಿಸ್ಕು ಪ್ಲೇಯರಿನ ನಾಲಿಗೆಯ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಅವನು ತನ್ನ ಹೆಬ್ಬೆರಳು ನೋಡಿಕೊಂಡ. ಕಪ್ಪಗಾಗಿತ್ತು.

"ಥೂ, ಹಸಿ ಇದೆಯಲ್ಲೇ ಇದು."

"ಈಗಷ್ಟೇ ತೆಗೆದಿದ್ದು."

"ಹೇಳೋಕೆ ಬಾಯಿಲ್ವಾ? ಹಸೀದನ್ನ ಹಾಕಿದ್ರೆ ಪ್ಲೇಯರ್ ಎಕ್ಕುಟ್ಟಿಹೋಗುತ್ತೆ." ಅವನು ಹೆಬ್ಬೆರಳನ್ನು ಅವಳ ತೋಳಿಗೇ ನಿಧಾನವಾಗಿ, ಎರಡೂ ಬದಿ ಒರೆಸಿಕೊಂಡ. ಆ ತೋಳಿನ ಮೇಲೆ ಭಾನುವಾರದ ಬಾಸುಂಡೆ ಇನ್ನೂ ಇಳಿದಿರಲಿಲ್ಲ, ಅವಳು ಅಲುಗಾಡಲಿಲ್ಲ. "ಇದು ಕೆಟ್ಟುಹೋಯ್ತು. ಆಮೇಲೆ ಇನ್ನೊಂದು ಪ್ರಿಂಟ್ ತೆಗಿ."

ಡಿಸ್ಕನ್ನು ಕಸದ ಬುಟ್ಟಿಗೆ ಎಸೆದ. ಒಣಗಿದ್ದೊಂದನ್ನು ಆರಿಸಿ ಪ್ಲೇಯರಿಗೆ ಹಾಕಿ, ಕುರ್ಚಿ ಎಳೆದುಕೊಂಡು ಕೂತ. ಟೀವಿಯಲ್ಲಿ ಯಾರದೋ ಮದುವೆಯ ನಗು ಶುರುವಾಯಿತು.

"ಬುಟ್ಟಿ ತುಂಬಿದೆ, ಚೆಲ್ಲಿ ಬರ್ತೀನಿ." ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು.

ಅವನು ತಿರುಗಿ ನೋಡಲಿಲ್ಲ. "ಬೇಗ ಬಾ" ಎಂದ, ಮೆತ್ತಗೆ.

ಚಪ್ಪಲಿ ಮೆಟ್ಟುವುದಕ್ಕೂ ನೆನಪಾಗಲಿಲ್ಲ. ಬುಟ್ಟಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು. ಈಗ ಕೂಗುತ್ತಾನೆ, ಈಗ ಕೂಗುತ್ತಾನೆ ಎಂದು ಮೈಯೆಲ್ಲ ಕಿವಿಯಾಗಿತ್ತು. ಓಡಿದರೆ ಕಿಟಕಿಯಿಂದ ಕಂಡೀತೆಂದು, ದಿನಾ ಕಸ ಹಾಕಲು ಹೋಗುವ ನಡಿಗೆಯಲ್ಲೇ ಹೋದಳು. ತೊಟ್ಟಿಯ ಹತ್ತಿರ ನಿಲ್ಲದೆ, ಬುಟ್ಟಿಯ ಸಮೇತ ಕಾರಿನೊಳಗೆ ಕುಸಿದಳು.

"ಕಸ ಯಾಕೆ ತಂದ್ಯೇ?" ಎಂದಳು ಅಕ್ಕ, ಗಾಬರಿಯಿಂದ ಗಾಡಿ ಹೊರಡಿಸುತ್ತ.

ಕಾರು ಎರಡು ತಿರುವು ದಾಟಿದ ಮೇಲೆ ಅವಳು ಪೇಪರು ಚೂರುಗಳ ನಡುವಿನಿಂದ ಡಿಸ್ಕನ್ನು ಅಂಚು ಹಿಡಿದು ಎತ್ತಿದಳು. ಮದುಮಗನ ಕೋಟಿನ ಮೇಲೆ ಹೆಬ್ಬೆರಳಿನ ಗೆರೆ ಗೆರೆಯೂ ಬಿದ್ದಿತ್ತು.

"ಏನೋ ಕೊಳೆ ಆಗಿದೆ, ಕೊಡಿಲ್ಲಿ ಒರೆಸ್ತೀನಿ" ಎಂದು ಅಕ್ಕ ಒಂದು ಕೈ ಚಾಚಿದಳು.

ಅವಳು ಡಿಸ್ಕನ್ನು ತನ್ನತ್ತ ಎಳೆದುಕೊಂಡಳು.

"ಒರೆಸ್ಬೇಡ ಅಕ್ಕ. ಅವರೇ ಒತ್ತಿಕೊಟ್ಟ ಹೆಬ್ಬೆಟ್ಟು ಅದು. ಕೋರ್ಟಿಗೆ ಹಾಗೇ ಹೋಗ್ಲಿ."