ಹಾಕದೆ ಬಿಟ್ಟ ಬಾಸ್ಕೆಟ್

“ಒಂದೇ ಪಾಯಿಂಟಾ?” ಎಂದ ಕರುಂಬಯ್ಯನವರು ಕಟ್ಟುತ್ತಿದ್ದ ಶೂ ಲೇಸನ್ನು ಹಾಗೇ ಹಿಡಿದು ಕೂತರು. ಮೂಗಿಗೆ ಆಕ್ಸಿಜನ್ ಸಿಕ್ಕಿಸಿಕೊಂಡೇ ಲಿಫ್ಟಿನವರೆಗೆ ನಡೆಯುವುದನ್ನು ಅವರು ವಾರದಿಂದ ಅಭ್ಯಾಸ ಮಾಡುತ್ತಿದ್ದರು. ಬಾಸ್ಕೆಟ್‌ಬಾಲ್ ಲೀಗಿನ ಪ್ಲೇ-ಆಫ್ ಇಲ್ಲೇ ಗ್ರೇಟರ್ ನೋಯ್ಡಾದಲ್ಲಿ ನಡೆದರೆ ಮಗಳ ಆಟವನ್ನು ಕಣ್ಣಾರೆ ನೋಡುವ ಆಸೆ. ಊರು ಬಿಟ್ಟು ಹೋಗಲು ಡಾಕ್ಟರು ಒಪ್ಪಿರಲಿಲ್ಲ.

“ಹೌದಪ್ಪಾ, ಪ್ಲೇ-ಆಫ್ ಪುಣೆಯಲ್ಲೇ,” ಎಂದಳು ಬೆಳಿಗ್ಗೆಯಷ್ಟೇ ಅಲ್ಲಿಂದ ಬಂದಿಳಿದ ದೇಚಮ್ಮ. ಎರಡು ತಂಡಗಳ ಗೆಲುವು ಸಮವಾದರೆ ಅವರವರ ನಡುವಿನ ಪಂದ್ಯಗಳ ಪಾಯಿಂಟು ಕೂಡಿಸುತ್ತಾರೆ. ಮುಂದಿದ್ದವರ ಊರಿನಲ್ಲಿ ಪ್ಲೇ-ಆಫ್. ಪುಣೆಯವರೆದುರು ದೇಚಮ್ಮನ ತಂಡದವರು ಮೊದಲ ಪಂದ್ಯವನ್ನು ಆರು ಪಾಯಿಂಟಿನಿಂದ ಸೋತಿದ್ದರು, ನಿನ್ನೆಯದನ್ನು ಐದರಿಂದ ಗೆದ್ದಿದ್ದರು.

“ಕೊನೇಲಿ ಬಾಲ್ ಯಾರ ಹತ್ರ ಇತ್ತು? ಫೋನಲ್ಲಿ ನೋಡ್ತಿದ್ದೆ, ಅಷ್ಟ್ರಲ್ಲಿ ನೆಟ್ ಹೋಗ್ಬಿಡ್ತು.”

ಅವಳ ಹತ್ತಿರವೇ ಇತ್ತು, ಅಡ್ಡ ಯಾರೂ ಇರಲಿಲ್ಲ. ಗೆಲುವು ಖಾತ್ರಿಯಾದ ಮೇಲೆ ಮತ್ತೆ ಬಾಸ್ಕೆಟ್ ಹಾಕಿ ಸೋತವರನ್ನು ನೋಯಿಸಬಾರದು ಎಂದು ರೆಜಿಮೆಂಟಿನ ತಂಡದಲ್ಲಿ ಆಡಿದ್ದ ಅಪ್ಪ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ಪಾಯಿಂಟಿನ ಲೆಕ್ಕ ಮರೆತು ಅವಳು ಚೆಂಡು ಹಿಡಿದು ನಿಂತುಬಿಟ್ಟಿದ್ದಳು.

“ಟೈಮ್ ಮುಗಿದಿತ್ತು ಅಪ್ಪಾ. ಚಾನ್ಸೇ ಇರ್ಲಿಲ್ಲ.”

“ಅಚ್ಛಾ,” ಎಂದು ಅವರು ಲೇಸು ಬಿಚ್ಚಲು ಬಗ್ಗಿದರು. ಉಸಿರು ಸಾಲಲಿಲ್ಲ. ದೇಚಮ್ಮ ನೆಲದ ಮೇಲೆ ಕೂತು ಅಪ್ಪನ ಶೂ ಬಿಚ್ಚತೊಡಗಿದಾಗ ಅವರ ಕೈ ಅವಳ ತಲೆಯ ಮೇಲೆ ಬಂತು.

“ನೆಟ್ ಹೋಗಿರ್ಲಿಲ್ಲ, ಇನ್ನೂ ಎಂಟು ಸೆಕೆಂಡ್ ಇತ್ತು ಮಗಳೇ. ನೀನು ಹಾಕ್ದೆ ನಿಂತಾಗ ನಾನಿಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದೆ.”